ಬರೀ ಸ್ಟೂಡೆಂಟ್ಸ್ ಅಂದವನಿಗೆ

ಈಗಷ್ಟೇ ಉಚಿತ ಕ್ಲಿನಿಕ್ಕಿನಿಂದ ಬಂದು ಕೂತಿದ್ದೇನೆ. ಖುಷಿ, ಸಿಟ್ಟು ಎರಡೂ ಸೇರಿಕೊಂಡಿವೆ. ಬರೆಯದೆ ನಿದ್ದೆ ಬರುವುದಿಲ್ಲ.

ನಾನು ವಾರಕ್ಕೊಮ್ಮೆ ಅಲ್ಲಿ ಮೆಡಿಕಲ್ ವಿದ್ಯಾರ್ಥಿಗಳ ಮೇಲ್ವಿಚಾರಣೆಗೆ ಹೋಗುವುದು ನಿಮಗೆ ಗೊತ್ತೇ ಇದೆ. ಇವತ್ತು ಹಳೆಯ ಸಹಪಾಠಿಯೊಬ್ಬನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಕಾಲು ಗಂಟೆ ನಿಂತು ನೋಡಿದ. "ಬರೀ ಸ್ಟೂಡೆಂಟ್ಸ್ ಕಣೇ, ಇವರ ಜೊತೆ ಎಷ್ಟು ಹೊತ್ತು ಅಂತ ಕೂರೋದು?" ಅಂದು ಹೊರಟುಬಿಟ್ಟ.

ಅವನು ಹೋದ ಮೇಲೆ ಒಬ್ಬರು ಅಜ್ಜಿ ಬಂದರು. ಎರಡೂ ಪಾದ ಊದಿಕೊಂಡಿದ್ದವು. ಮೂರನೇ ವರ್ಷದ ಹುಡುಗ ಕಾಯಿಲೆಯ ವಿವರ ಕೇಳಿ ಬರೆದುಕೊಂಡ. ಸ್ಟೆತಸ್ಕೋಪ್ ಇಟ್ಟು ಕೇಳಿದ, ಊತ ಒತ್ತಿ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಕೊನೆಯ ವರ್ಷದ ಹುಡುಗಿಗೆ, "ಅಕ್ಕ, ಮೂತ್ರ ಜಾಸ್ತಿ ಹೋಗೋ ಮಾತ್ರೆ ಕೊಡಬಹುದಾ ಅಂತ ಮೇಡಂನ ಕೇಳೋಣ್ವಾ?" ಅಂದ.

ಅವಳು ಬೇಡ ಅನ್ನಲಿಲ್ಲ. "ಅಜ್ಜಿ, ನೀವು ತಗೊಳ್ಳೋ ಮಾತ್ರೆ ಎಲ್ಲ ತಂದಿದ್ದೀರಾ?" ಅಂತ ಕೇಳಿದಳು. ಅಜ್ಜಿ ಚೀಲವನ್ನು ಮೇಜಿನ ಮೇಲೆ ಸುರಿದರು. ಅದರಲ್ಲಿ ಎರಡು ಸ್ಟ್ರಿಪ್ ಎತ್ತಿ ಹುಡುಗನ ಕೈಗೆ ಕೊಟ್ಟಳು. ಬೇರೆ ಬಣ್ಣ, ಬೇರೆ ಹೆಸರು. "ಸಣ್ಣ ಅಕ್ಷರದಲ್ಲಿರೋದನ್ನ ಓದು" ಅಂದಳು. ಓದಿದ. ಆಮ್ಲೋಡಿಪಿನ್ 5 ಮಿಲಿಗ್ರಾಂ. ಇನ್ನೊಂದನ್ನು ತಿರುಗಿಸಿದ. ಅದೂ ಆಮ್ಲೋಡಿಪಿನ್ 5 ಮಿಲಿಗ್ರಾಂ.

ಬಿಪಿಯ ಒಂದೇ ಔಷಧಿ, ಎರಡು ಕಂಪನಿಗಳ ಹೆಸರಲ್ಲಿ. ಎರಡು ಕಡೆ ತೋರಿಸಿಕೊಂಡಿದ್ದ ಅಜ್ಜಿ ದಿನಾ ಎರಡನ್ನೂ ನುಂಗುತ್ತಿದ್ದರು. ಈ ಔಷಧಿಯಿಂದ ಕಾಲು ಊದಬಹುದು, ಡೋಸ್ ಏರಿದಷ್ಟೂ ಅದು ಜಾಸ್ತಿ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಜಿನುಗುತ್ತದೆ. ಮೂತ್ರದ ಮಾತ್ರೆಗೆ ಆ ಊತ ಅಷ್ಟಾಗಿ ಬಗ್ಗುವುದಿಲ್ಲ.

ಆಮೇಲೆ ನಾನು ಮೊದಲಿನಿಂದ ಪರೀಕ್ಷೆ ಮಾಡಿದೆ. ಐದು ನಿಮಿಷ ಸುಮ್ನೆ ಕೂರಿಸಿ ಬಿಪಿ ನೋಡಿದೆ. ಕಿಡ್ನಿ ಪರೀಕ್ಷೆಗೆ ಬರೆದೆ, ಒಂದು ಸ್ಟ್ರಿಪ್ ನಿಲ್ಲಿಸಿದೆ. ಸಹಿ ನನ್ನದು, ಹೊಣೆಯೂ ನನ್ನದು. ಹುಡುಗಿ ಮಾತ್ರ ಅಲ್ಲಿಗೇ ಬಿಡಲಿಲ್ಲ. "ಈಗ ನೀವೇ ಹೇಳಿ ಅಜ್ಜಿ, ನಾಳೆ ಬೆಳಿಗ್ಗೆ ಯಾವುದು ತಗೋತೀರಾ?" ಅಂದಳು. ಅಜ್ಜಿ ನಿಲ್ಲಿಸಿದ ಸ್ಟ್ರಿಪ್ಪನ್ನೇ ತೋರಿಸಿದರು! ಮತ್ತೆ ಹೇಳಿಕೊಟ್ಟಳು. ಸರಿಯಾಗಿ ತೋರಿಸುವವರೆಗೂ ಏಳಲಿಲ್ಲ.

ಇವರನ್ನಾ ಬರೀ ಸ್ಟೂಡೆಂಟ್ಸ್ ಅನ್ನೋದು?

ನಿಮಗ್ಯಾರಿಗೂ ಹೇಳಿರದ ಒಂದು ವಿಷಯ ಇದೆ. ನಾನು ಹೊಸದಾಗಿ ಡಾಕ್ಟರ್ ಆಗಿದ್ದಾಗ ಇಂಥದೇ ಊದಿದ ಕಾಲು ನೋಡಿ ಮೂತ್ರದ ಮಾತ್ರೆ ಬರೆದುಕೊಟ್ಟಿದ್ದೆ. ಬೇರೇನು ತಗೊಳ್ತಿದ್ದೀರಿ ಅಂತ ಕೇಳಲಿಲ್ಲ. ಸಾಲು ಉದ್ದ ಇತ್ತು. ಅವರು ರಾತ್ರಿ ತಲೆ ಸುತ್ತಿ ಬಿದ್ದು ಕೈ ಮುರಿದುಕೊಂಡರು. ಚೀಲ ತೆಗೆಸಿ ನೋಡು ಅಂತ ಹೇಳಿಕೊಡುವವರು ಅವತ್ತು ನನ್ನ ಪಕ್ಕದಲ್ಲಿ ಇರಲಿಲ್ಲ. ಆ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 74 ರೋಗಿಗಳ ಭೇಟಿಯನ್ನು ರೆಕಾರ್ಡ್ ಮಾಡಿ ಕೇಳಿದ್ದರು. ರೋಗಿ ಮಾತು ಶುರು ಮಾಡಿದ ಮೇಲೆ ಡಾಕ್ಟರು ಅಡ್ಡ ಬಾಯಿ ಹಾಕಲು ಸರಾಸರಿ 18 ಸೆಕೆಂಡ್ ಸಾಕಾಗಿತ್ತು. ಅಜ್ಜಿ ಇವತ್ತು ಈ ಮಕ್ಕಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು.

ಬಡವರ ಮೇಲೆ ಕಲಿಯೋದು ಸರಿನಾ ಅಂತ ಕೆಲವರು ಕೇಳುತ್ತಾರೆ. ಮೇಲ್ವಿಚಾರಣೆ ಮಾಡುವವರಿಲ್ಲದಿದ್ದರೆ ಖಂಡಿತ ಸರಿಯಲ್ಲ, ನಾನೇ ಬಾಗಿಲು ಹಾಕಿಸುತ್ತೇನೆ. ವಿದ್ಯಾರ್ಥಿಗಳ ಡ್ಯೂಟಿ ಸರದಿ ಬದಲಾದಾಗ ರೋಗಿಗೆ ಪ್ರತಿ ಸಲ ಹೊಸ ಮುಖ ಕಾಣುತ್ತದೆ, ಅದೂ ನಿಜ. ಆದರೆ ಈ ಪ್ರಶ್ನೆ ಕೇಳಬೇಕಾದದ್ದು ವಿದ್ಯಾರ್ಥಿಗಳನ್ನಲ್ಲ. ಮೇಲ್ವಿಚಾರಣೆ ಮಾಡಬೇಕಾದ ನಾವು ಡಾಕ್ಟರುಗಳು ಎಲ್ಲಿದ್ದೇವೆ? ವಿಲಿಯಂ ಓಸ್ಲರ್ ಅನ್ನೋ ಹೆಸರಾಂತ ಡಾಕ್ಟರು 1890ರ ದಶಕದಲ್ಲಿ ಅಮೆರಿಕದ ಆಸ್ಪತ್ರೆ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಹತ್ತಿರ ನಿಲ್ಲಿಸಿ ಕಲಿಸಿದರು. ನಾನೂ ಆ ಸಹಪಾಠಿಯೂ ಹಾಗೇ ಯಾರದೋ ಹಾಸಿಗೆಯ ಪಕ್ಕ ನಿಂತೇ ಕಲಿತವರು. ಅವರೆಲ್ಲ ನಮ್ಮನ್ನು ಸಹಿಸಿಕೊಂಡರು, ಅಲ್ವಾ?

ಅಜ್ಜಿ ಹೋದ ಮೇಲೆ ಬೆನ್ನು ನೋವಿನವರೊಬ್ಬರು ಬಂದರು. ಹುಡುಗ ಹೆಸರು ಬರೆದುಕೊಂಡು ಮೊದಲು ಕೇಳಿದ್ದೇ ಮಾತ್ರೆ ಚೀಲ. ಹುಡುಗಿ ಏನೂ ಮಾತಾಡಲಿಲ್ಲ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂತಳು.

ನಾಳೆ ಬೆಳಿಗ್ಗೆ ಆ ಸಹಪಾಠಿಗೆ ಫೋನ್ ಮಾಡುತ್ತೇನೆ. ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು.