ಸ್ಪೀಕರ್ ಬದಲಾಯಿಸುವ ಮುನ್ನ ಡ್ರೈವರ್ ನೋಡಿ
ಲ್ಯಾಪ್‌ಟಾಪ್ ಸ್ಪೀಕರ್ ‘ಟಪ್’ ಎಂದರೆ ಅದನ್ನು ಬದಲಾಯಿಸಿಬಿಡಿ ಎಂದು ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಯಾರೂ ಅವಸರಪಡಬೇಡಿ. ಸದ್ದು ಯಾವಾಗ ಬರುತ್ತದೆ ಎಂದು ಮೊದಲು ಕಿವಿಗೊಟ್ಟು ಕೇಳಿ. ನನ್ನದರಲ್ಲಿ ಹಾಡು ನಿಲ್ಲಿಸಿ 10 ಸೆಕೆಂಡು ಕಳೆದ ಮೇಲೆ ಒಂದು ಸಲ, ಮತ್ತೆ ಶುರುಮಾಡಿದ ಕೂಡಲೇ ಇನ್ನೊಮ್ಮೆ ‘ಟಪ್’ ಎನ್ನುತ್ತಿತ್ತು. ಹಾಡಿನ ನಡುವೆ ಒಮ್ಮೆಯೂ ಇಲ್ಲ. ಸ್ಪೀಕರ್ ಹರಿದಿದ್ದರೆ ಹಾಡು ನಡೆಯುವಾಗಲೇ ಕರಕರ ಎನ್ನಬೇಕಿತ್ತಲ್ಲವೇ? ವಿದ್ಯುತ್ ಉಳಿಸಲೆಂದು ಡ್ರೈವರ್ (ಧ್ವನಿ ಚಿಪ್ಪನ್ನು ನಡೆಸುವ ತಂತ್ರಾಂಶ) ಆ ಚಿಪ್ಪನ್ನು ಮಲಗಿಸುವಾಗ, ಮತ್ತೆ ಎಬ್ಬಿಸುವಾಗ ವೋಲ್ಟೇಜ್ ಥಟ್ಟನೆ ಜಿಗಿಯುವ ಸದ್ದು ಅದು. ನಾನು ಬಳಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಎಚ್‌ಡಿಎ (ಹೈ ಡೆಫಿನಿಷನ್ ಆಡಿಯೊ) ಡ್ರೈವರ್‌ನ ‘ಪವರ್ ಸೇವ್’ ಮೌಲ್ಯವನ್ನು 0 ಮಾಡಿದೆ, ಅಷ್ಟೇ, ಸದ್ದಡಗಿತು. ವಿಂಡೋಸ್ ಬಳಸುವವರು ಡಿವೈಸ್ ಮ್ಯಾನೇಜರ್‌ನಲ್ಲಿ ತಯಾರಕರ ಡ್ರೈವರ್ ಬದಲು ವಿಂಡೋಸ್‌ನದೇ ಆದ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಆಯ್ದು ನೋಡಬಹುದು. ಮೊದಲ ವಿಧಾನದಲ್ಲಿ ಬ್ಯಾಟರಿ ತುಸು ಹೆಚ್ಚು ಖರ್ಚಾಗುತ್ತದೆ. ನನಗೆ ಅದರ ಚಿಂತೆಯಿಲ್ಲ.