ನಿರ್ವಹಿಸುತ್ತದೆ ಅಂದರೆ ಏನು ಮಾಡುತ್ತದೆ ಸ್ವಾಮಿ?

ಹೋದ ವಾರ ನಮ್ಮ ಸರ್ಚ್ ಮೌನವ್ರತ ಹಿಡಿಯಿತು. ಏನು ಹುಡುಕಿದರೂ ಉತ್ತರ ಸೊನ್ನೆ. ಆಗಿದ್ದಿಷ್ಟೇ: ಎಐ ಏಜೆಂಟಿಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸೋ ಪ್ರೋಗ್ರಾಮಿಗೆ, ಯಾರೋ 'ಹಳೇ ದಾಖಲೆ ತೆಗೆದುಹಾಕು' ಅಂದಿದ್ದರು. ಅದು ತನಗೆ ಕೊಟ್ಟ ಟೂಲುಗಳ (ಒಂದೊಂದು ಕೆಲಸಕ್ಕೆ ಒಂದೊಂದು ಗುಂಡಿ ಅನ್ನಿ) ಪಟ್ಟಿ ನೋಡಿತು, ಒಂದನ್ನು ಆರಿಸಿತು, ಸರ್ಚ್ ಹುಡುಕೋದೇ ಯಾವುದರಲ್ಲೋ ಆ ದಾಖಲೆಗಳ ಸೂಚಿಯನ್ನು, ಅಂದರೆ ಇಡೀ ಇಂಡೆಕ್ಸನ್ನೇ, ಅಳಿಸಿತು. ಆಮೇಲೆ 'ಕೆಲಸ ಯಶಸ್ವಿಯಾಗಿ ಮುಗಿದಿದೆ' ಅಂತ ವಿನಯದಿಂದ ವರದಿ ಒಪ್ಪಿಸಿತು. ಸುಳ್ಳೇನಲ್ಲ ಬಿಡಿ. ಹಳೇ ದಾಖಲೆ ಒಂದೂ ಉಳಿದಿರಲಿಲ್ಲ.

ಎಲ್ಲರೂ ಏಜೆಂಟಿಗೆ ಬೈದರು. ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಸುಮ್ನೆ ಆ ಟೂಲಿನ ವಿವರಣೆ ತೆಗೆದು ನೋಡಿದೆ. ಹೆಸರು 'ಮ್ಯಾನೇಜ್ ಇಂಡೆಕ್ಸ್'. ವಿವರಣೆ: 'ಇಂಡೆಕ್ಸನ್ನು ನಿರ್ವಹಿಸುತ್ತದೆ.' ಮುಗೀತು.

ಆಹಾ, ಎಷ್ಟು ಚೊಕ್ಕ! ಈ 'ನಿರ್ವಹಣೆ' ಅನ್ನೋದು ದೊಡ್ಡ ಮನಸ್ಸಿನ ಪದ. ಸೇರಿಸೋದೂ ನಿರ್ವಹಣೆ, ಅಳಿಸೋದೂ ನಿರ್ವಹಣೆ, ಏನೂ ಮಾಡದೆ ಕೂರೋದಂತೂ ಬಹಳ ಹಳೇ ನಿರ್ವಹಣೆ. ಏನು ಮಾಡ್ತೀವಿ ಅಂತ ಬಾಯಿ ಬಿಟ್ಟು ಹೇಳಲು ಮನಸ್ಸಿಲ್ಲದಾಗ ನಾವೆಲ್ಲ ಅದರ ಹಿಂದೆಯೇ ಅಡಗೋದು, ಅಲ್ವಾ?

ಪಟ್ಟಿಯಲ್ಲಿ ಇನ್ನೂ ಎರಡಿದ್ದವು: ರಿಫ್ರೆಶ್ ಇಂಡೆಕ್ಸ್, ರೀಬಿಲ್ಡ್ ಇಂಡೆಕ್ಸ್. ವಿವರಣೆ ನೀವೇ ಊಹಿಸಿದಿರಿ. ಒಂದು ರಿಫ್ರೆಶ್ ಮಾಡುತ್ತದಂತೆ, ಇನ್ನೊಂದು ರೀಬಿಲ್ಡ್ ಮಾಡುತ್ತದಂತೆ. ರಿಫ್ರೆಶ್ ಅಂದರೆ ಈಗಷ್ಟೇ ಬರೆದದ್ದನ್ನು ಹುಡುಕಾಟಕ್ಕೆ ಕಾಣಿಸೋದು. ಎಲಾಸ್ಟಿಕ್‌ಸರ್ಚ್ ಎಂಬ ಸರ್ಚ್ ತಂತ್ರಾಂಶದಲ್ಲಿ ಮಾಮೂಲಿಯಾಗಿ 1 ಸೆಕೆಂಡಿಗೊಮ್ಮೆ ತಾನಾಗಿ ಆಗೋ ಕೆಲಸ. ರೀಬಿಲ್ಡ್ ಅಂದರೆ ಎಲ್ಲವನ್ನೂ ಮೊದಲಿಂದ ಕಟ್ಟೋದು. ದಾಖಲೆ ಜಾಸ್ತಿ ಇದ್ದರೆ ಗಂಟೆಗಟ್ಟಲೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಏಜೆಂಟು ಕನಸಿನಲ್ಲಿ ಕಾಣಬೇಕು.

ಹೆಸರಿನ ಮಹಿಮೆ ಹೊಸದಲ್ಲ. ಲ್ಯೂಸೀನ್ ಎಂಬ ಸರ್ಚ್ ಲೈಬ್ರರಿಯಲ್ಲಿ (ಸರ್ಚ್ ಕಟ್ಟೋರು ಬಳಸೋ ಸಿದ್ಧ ಕೋಡು) 'ಆಪ್ಟಿಮೈಜ್' ಅಂತ ಒಂದು ಆಜ್ಞೆ ಇತ್ತು. ಇಂಡೆಕ್ಸಿನ ತುಂಡುಗಳನ್ನೆಲ್ಲ ಒಟ್ಟುಗೂಡಿಸೋ ಭಾರೀ ಕೆಲಸ. ಹೆಚ್ಚಿನ ಸಲ ಬೇಕಾಗಿಯೇ ಇರಲಿಲ್ಲ. ಆದರೆ ಹೆಸರು ಅಷ್ಟು ಚೆಂದ ಇರುವಾಗ ಒತ್ತದೆ ಇರೋದು ಹೇಗೆ? ಜನ ಒತ್ತಿದ್ದೇ ಒತ್ತಿದ್ದು. ಕೊನೆಗೆ 2011ರಲ್ಲಿ, 3.5ನೇ ಆವೃತ್ತಿಯಲ್ಲಿ, ಅದನ್ನು 'ಫೋರ್ಸ್‌ಮರ್ಜ್' ಅಂತ ಬದಲಿಸಿದರು. ಆ ಕೆಲಸದ ಚೀಟಿಯ ತಲೆಬರಹವೇ 'ಆಪ್ಟಿಮೈಜ್‌ಗೆ ಅಷ್ಟೊಂದು ಗತ್ತಿಲ್ಲದ ಹೆಸರಿಡಿ' ಅನ್ನೋ ಅರ್ಥದ್ದು. ನನಗೆ ಈ ಜನರನ್ನು ಕಂಡರೆ ಬಹಳ ಗೌರವ. ಮಗುವಿಗೆ ಬೇಕಂತಲೇ ಪೆದ್ದು ಹೆಸರಿಟ್ಟು ಕಾಪಾಡಿದ ಹೆತ್ತವರು.

ಆಗ ಒತ್ತುತ್ತಿದ್ದದ್ದು ಮನುಷ್ಯರು. ಅನುಮಾನ ಬಂದರೆ ಪಕ್ಕದವರನ್ನು 'ಸಾರ್, ಇದು ಒತ್ತಿದ್ರೆ ಏನೂ ಆಗಲ್ಲ ತಾನೇ?' ಅಂತ ಕೇಳುತ್ತಿದ್ದರು. ಏಜೆಂಟಿಗೆ ಪಕ್ಕದ ಕುರ್ಚಿ ಇಲ್ಲ. ಟೂಲಿನ ಹೆಸರು, ವಿವರಣೆ, ಏನೇನು ತುಂಬಬೇಕು ಅನ್ನೋ ಪಟ್ಟಿ, ಇಷ್ಟೇ ಅದರ ಪ್ರಪಂಚ.

ಇನ್ನೂ ಇದೆ ಕೇಳಿ. ಏಜೆಂಟಿಗೆ ಟೂಲು ಜೋಡಿಸಲು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅಂತ ಒಂದಿದೆ, 2024ರ ಕೊನೆಗೆ ಬಂದದ್ದು. ಅದರಲ್ಲಿ 'ಈ ಟೂಲು ಇರೋದನ್ನು ಹಾಳು ಮಾಡಬಹುದೇ?' ಅಂತ ತಿಳಿಸೋ ಗುರುತೂ ಇದೆ. ಏನೂ ತುಂಬದೆ ಬಿಟ್ಟರೆ 'ಹೌದು' ಅಂತಲೇ ಲೆಕ್ಕ. ಸೋಮಾರಿಗಳಿಗೂ ರಕ್ಷಣೆ! ನಮ್ಮವರು ಅಲ್ಲಿ ಮಾತ್ರ ಸೋಮಾರಿತನ ಬಿಟ್ಟು, ಶ್ರಮಪಟ್ಟು 'ಇಲ್ಲ' ಅಂತ ತುಂಬಿದ್ದರು. ಯಾಕೆ? ಪ್ರತಿ ಸಲ ಅನುಮತಿ ಕೇಳೋ ಕಿಟಕಿ ತೆರೆದು ಕಿರಿಕಿರಿ ಆಗ್ತಿತ್ತಂತೆ.

ನಗು ಬರ್ತಿಲ್ಲ ನನಗೆ. 'ಇಡೀ ಇಂಡೆಕ್ಸನ್ನು ಅಳಿಸುತ್ತದೆ. ವಾಪಸ್ ಬರುವುದಿಲ್ಲ. ಕೆಲವು ದಾಖಲೆ ಮಾತ್ರ ತೆಗೆಯಲು ಇದನ್ನು ಬಳಸಬೇಡಿ.' ಇಷ್ಟು ಬರೆಯಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ಯಾರ ಹತ್ತಿರವೂ ಇರಲಿಲ್ಲ. ಕಳೆದುಹೋದದ್ದನ್ನು ಮತ್ತೆ ತುಂಬಲು ಮೂರು ರಾತ್ರಿ ಕೂರಲು ಮಾತ್ರ ಜನ ಸಿಕ್ಕರು, ಅದರಲ್ಲಿ ನಾನೂ ಒಬ್ಬ.

ಸಭೆ ನಡೆಯಿತು. ವಿವರಣೆ ತಿದ್ದಬೇಕು ಅಂತ ಒಮ್ಮತದ ತೀರ್ಮಾನ ಆಯಿತು. ತಿದ್ದಿದ್ದಾರೆ ಕೂಡ, ಇವತ್ತು ಬೆಳಿಗ್ಗೆ ನೋಡಿದೆ: 'ಇಂಡೆಕ್ಸನ್ನು ಎಚ್ಚರಿಕೆಯಿಂದ ನಿರ್ವಹಿಸುತ್ತದೆ.'