ಹೆಂಡತಿಯನ್ನೂ ಒಳಗೆ ಕರ್ಕೊಂಡು ಬನ್ನಿ

ಆಸ್ಪತ್ರೆಯ ಯೂರಾಲಜಿ (ಮೂತ್ರಾಂಗದ ಕಾಯಿಲೆಗಳ) ಓಪಿಡಿಯಲ್ಲಿ ನರ್ಸ್ ಆಗಿ 11 ವರ್ಷ ಆಯ್ತು. ನಿಮಿರುವಿಕೆ ತೊಂದರೆ ಅಂತ ಬರೋ ಎಷ್ಟೋ ಗಂಡಸರು ಹೆಂಡತೀನ ಹೊರಗಿನ ಬೆಂಚಲ್ಲೇ ಕೂರಿಸಿ ಬರ್ತಾರೆ. ಕಿಡ್ನಿ ಕಲ್ಲು ಅಂತ ಸುಳ್ಳು ಹೇಳಿ ಕರ್ಕೊಂಡು ಬಂದವರೂ ಇದ್ದಾರೆ. ನೋಡಿದಾಗೆಲ್ಲ ಸಂಕಟ ಆಗುತ್ತೆ.

ಇತ್ತೀಚೆಗೆ ಒಬ್ಬರು ಬಂದಿದ್ರು. ಬಹಳ ವರ್ಷದ ಸಕ್ಕರೆ ಕಾಯಿಲೆ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತು ನಂಬಿ ಲೇಹ್ಯ, ಎಣ್ಣೆ ಅಂತ ಮೂರು ವರ್ಷ ಕಳೆದಿದ್ರು. ಆಮೇಲೆ ನಮ್ಮಲ್ಲಿ ಮಾತ್ರೆ ಆಯ್ತು, ಇಂಜೆಕ್ಷನ್ನೂ ಆಯ್ತು. ಸಕ್ಕರೆ ನರ, ರಕ್ತನಾಳ ಎರಡನ್ನೂ ಹಾಳುಮಾಡಿದ ಮೇಲೆ ಮಾತ್ರೆ ಏನು ಮಾಡೀತು? ಡಾಕ್ಟರ್ ಇಂಪ್ಲಾಂಟ್, ಅಂದ್ರೆ ಆಪರೇಷನ್ ಮಾಡಿ ಶಿಶ್ನದೊಳಗೆ ಕೂರಿಸೋ ಸಾಧನದ ಮಾತೆತ್ತಿದ್ರು. ಆ ಗಂಡಸನ್ನ ಕೇಳಿಕೊಂಡೇ ನಾನು ಅವರ ಹೆಂಡತಿಯನ್ನ ಒಳಗೆ ಕರೆದೆ.

ಮೇಜಿನ ಮೇಲೆ ಮಾಡೆಲ್ ಇತ್ತು. ಶಿಶ್ನದೊಳಗೆ ಕೂರೋ ಎರಡು ಸಿಲಿಂಡರ್, ಹೊಟ್ಟೆಯೊಳಗೆ ಇಡೋ ಸಲೈನ್ ತುಂಬಿದ ಪುಟ್ಟ ಚೀಲ, ವೃಷಣದ ಚೀಲದಲ್ಲಿ ಬೆರಳಿಗೆ ಸಿಗೋ ಪಂಪ್. ಅದನ್ನ ಒತ್ತಿದ್ರೆ ಸಲೈನ್ ಸಿಲಿಂಡರಿಗೆ ಬಂದು ಗಟ್ಟಿಯಾಗುತ್ತೆ, ಪಂಪಲ್ಲೇ ಇರೋ ಗುಂಡಿ ಒತ್ತಿದ್ರೆ ವಾಪಸ್ ಚೀಲಕ್ಕೆ ಹೋಗುತ್ತೆ. ಆಯಮ್ಮ ಎರಡು ಬೆರಳಲ್ಲಿ ಪಂಪ್ ಅದುಮಿ ನೋಡಿ, "ಸಿಸ್ಟರ್, ಇದು ಒಳಗಿದ್ರೆ ಇವ್ರಿಗೆ ನೋವಾಗಲ್ವಾ?" ಅಂದ್ರು. ಹೆಂಡತಿ ಏನಂದ್ಕೊಳ್ತಾಳೋ ಅಂತ ಆ ಮನುಷ್ಯ ಇಷ್ಟು ವರ್ಷ ಹೆದರಿದ್ರು. ಆಕೆ ಕೇಳಿದ ಮೊದಲ ಪ್ರಶ್ನೆ ಇದು.

ಈ ಇಂಪ್ಲಾಂಟ್ ನಿನ್ನೆ ಮೊನ್ನೆಯದಲ್ಲ. ಗಾಳಿ ಚೀಲದ ಹಾಗೆ ಉಬ್ಬೋ ಈ ಬಗೆಯನ್ನ ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು 1973ರಲ್ಲೇ ವರದಿ ಮಾಡಿದ್ರು. ಆಮದಾಗಿ ಬರೋದಕ್ಕೆ ಲಕ್ಷಗಟ್ಟಲೆ ಬೇಕು. ಪಂಪ್ ಇಲ್ಲದ, ಕೈಯಲ್ಲಿ ಬಗ್ಗಿಸೋ ಸರಳ ಬಗೆಯೂ ಇದೆ, ಮುಂಬೈನ ಡಾ. ರೂಪಿನ್ ಶಾ ರೂಪಿಸಿದ್ದು ಅಂಥದ್ದೇ, ಅದಕ್ಕೆ ಖರ್ಚು ಎಷ್ಟೋ ಕಡಿಮೆ.

ಆದ್ರೆ ಇಬ್ಬರೂ ಕೂತು ಕೇಳಿಸಿಕೊಳ್ಳಬೇಕಾದ್ದು ಬೇರೆ ಇದೆ. ಒಮ್ಮೆ ಹಾಕಿಸಿದ್ರೆ ಹಿಂದಿನ ಸಹಜ ನಿಮಿರುವಿಕೆ ವಾಪಸ್ ಬರಲ್ಲ. ಆಸೆ ಹೆಚ್ಚಲ್ಲ, ಉದ್ದವೂ ಹೆಚ್ಚಲ್ಲ. ಸ್ಪರ್ಶ, ಸುಖ ಸಾಮಾನ್ಯವಾಗಿ ಮೊದಲಿನಂತೇ ಇರುತ್ತೆ. ಸೋಂಕಾದ್ರೆ ಪೂರ್ತಿ ತೆಗೀಬೇಕಾಗಬಹುದು, ಹಾಗಾಗಿಯೇ ಸಕ್ಕರೆ ಹತೋಟಿಗೆ ಬರೋವರೆಗೂ ಕಾಯಿಸ್ತಾರೆ. ಆಪರೇಷನ್ ಆದ ಮೇಲೂ ಸುಮಾರು ಆರು ವಾರ ತಾಳ್ಮೆ ಬೇಕು. ಗಂಡ ಒಬ್ಬನೇ ಕೇಳಿಕೊಂಡು ಹೋದ್ರೆ ಮನೇಲಿ ಅರ್ಧ ಹೇಳ್ತಾನೆ, ಅರ್ಧ ನುಂಗ್ತಾನೆ. ಆಮೇಲೆ ಇಬ್ಬರಿಗೂ ನಿರಾಸೆ.

ಅವರ ಸಕ್ಕರೆ ಇನ್ನೂ ಇಳಿದಿಲ್ಲ, ಆಪರೇಷನ್ ಮುಂದಕ್ಕೆ ಹೋಗಿದೆ. ಮೊನ್ನೆ ಬಂದಾಗ ರಿಪೋರ್ಟ್ ಫೈಲು ಆಯಮ್ಮನ ಕೈಯಲ್ಲಿತ್ತು.